ಒಬ್ಬರಿಗೆ ಬಾಗಿದ ತಲೆ

‘ಮಂಚ್’ ಅಂದಕೂಡಲೇ ಕನ್ನಡದ ಕಿವಿಗೆ ಮಂಚ ಕೇಳಿಸುತ್ತೆ. ಅಂಥದ್ದೇನೂ ಇಲ್ರೀ. ಮೆಲ್ಲುವುದು ಅನ್ನೋ ಅರ್ಥದ ಇಂಗ್ಲಿಷ್ ಪದ ಅದು. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬಿಡಿಎಸ್‌ಎಂ ಆಸಕ್ತರು ಬರ್ಗರ್ ತಿನ್ನುತ್ತ ಕೂತು ಹರಟಲು ಶುರುಮಾಡಿದ್ದರಿಂದ ಬಂದ ಹೆಸರು. ಇಬ್ಬರೂ ಒಪ್ಪಿ ಒಬ್ಬರು ಆಳುವ, ಇನ್ನೊಬ್ಬರು ಅಧೀನರಾಗುವ, ನೋವಿನಲ್ಲೂ ಸುಖ ಕಾಣುವ ಸಂಬಂಧ ಇವರದು. ಕೂಟದಲ್ಲಿ ಮಾತ್ರ ಮಾಮೂಲಿ ಬಟ್ಟೆ, ಕಾಫಿ, ಮಾತು. ಬೆಂಗಳೂರಿನ ಇಂಥ ಕೆಲವು ಕೂಟಗಳಿಗೆ ನಾನೂ ಹೋಗಿದ್ದೇನೆ. ಅಲ್ಲಿನ ಮರ್ಯಾದೆಯ ಬಗ್ಗೆ ನನ್ನದೊಂದು ತಕರಾರಿದೆ.

ಆಳುವವರನ್ನು ಡಾಮ್, ಅಧೀನರನ್ನು ಸಬ್ ಅಂತಾರೆ. ಇಂಗ್ಲಿಷಿನಲ್ಲಿ ಚಾಟ್ ಮಾಡುವಾಗ ಡಾಮ್ ಹೆಸರನ್ನು ದೊಡ್ಡಕ್ಷರದಿಂದ, ಸಬ್ ಹೆಸರನ್ನು ಸಣ್ಣಕ್ಷರದಿಂದ ಬರೆಯೋ ರೂಢಿ ಕೆಲವರಲ್ಲಿದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಬಚಾವಾದ್ವಿ ಅಂದ್ಕೋಬೇಡಿ. ನಮ್ಮಲ್ಲಿ ನೀನು, ನೀವು ಇದೆ. ‘ಯೂ’ ಹಿಂದೆ ಅಡಗಿ ಕೂತವರು ಕನ್ನಡಕ್ಕೆ ಬಂದಕೂಡಲೇ ಸಿಕ್ಕಿಬೀಳ್ತಾರೆ. ಆಗಷ್ಟೇ ಪರಿಚಯವಾದ ಹೆಣ್ಣುಮಗಳೊಬ್ಬರು ತಾನು ಸಬ್ ಅಂದದ್ದೇ ತಡ, ಎದುರಿಗಿದ್ದವನು ‘ನೀವು’ ಬಿಟ್ಟು ‘ನೀನು’ಗೆ ಇಳಿದ. ‘ಏ, ನೀರು ತಗೊಂಡ್ ಬಾ’ ಅಂದ. ಅವರು ಏಳಲಿಲ್ಲ. ‘ಕೌಂಟರ್ ಅಲ್ಲೇ ಐತ್ರೀ’ ಅಂದರು.

ಅವರು ಸಬ್ ಇರಬಹುದು, ಆದರೆ ಅವನಿಗಲ್ಲ. ಯಾರಿಗೆ, ಎಷ್ಟು ಹೊತ್ತು, ಎಲ್ಲೀವರೆಗೆ ಅನ್ನೋದು ಆ ಇಬ್ಬರು ಕೂತು ಮಾತಾಡಿಕೊಳ್ಳೋ ಸಂಗತಿ. ಉಳಿದವರಿಗೆ ಅವರು ಪಕ್ಕದ ಕುರ್ಚಿಯವರು, ಅಷ್ಟೇ. ಉಲ್ಟಾ ಕೂಡ ನಡೆಯುತ್ತೆ: ಗುರುತಿಲ್ಲದವರ ಮುಂದೆ ತಲೆತಗ್ಗಿಸಿ ‘ಮಾಸ್ಟರ್’ ಅನ್ನೋರಿದ್ದಾರೆ. ಅದೂ ತಪ್ಪೇ, ಎದುರಿನವರು ಒಪ್ಪದ ಪಾತ್ರವನ್ನು ಅವರ ಹೆಗಲಿಗೆ ಹಾಕಿದಂಗ.

ನಾನು ಕಡಗಂಚಿಯವನು. ಆಳಂದ ರಸ್ತೆಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆಯಲ್ಲ, ಅದೇ ಊರು. ನಮ್ಮ ಕಡೆ ಮಾತಿಗೊಂದು ‘ರೀ’. ಒಬ್ಬರು ‘ಶರಣ್ರೀ’ ಅಂದರೆ ಎದುರಿನವರೂ ‘ಶರಣ್ರೀ’ ಅಂತಾರೆ. ಶರಣಾಗುವ ಮಾತು, ಆದರೆ ಇಬ್ಬರೂ ಆಡೋ ಮಾತು. ಆದರೆ ಈ ‘ರೀ’ ಸಂಬಳದಾಳಿಗೆ ಸಿಗ್ತಿರಲಿಲ್ಲ. ವರ್ಷಕ್ಕಂತ ಮಾತಾಡಿದ್ದು ತೊಗರಿ ಹೊಲದ ಕೆಲಸ. ಧಣಿಯ ‘ಲೇ’ ಮಾತ್ರ ಹೊಲದ ಬದು ದಾಟಿ ಚಹಾದಂಗಡಿಗೆ, ಜಾತ್ರೆಗೆ, ಆಳಿನ ಮಗನ ಮದುವೆಗೂ ಬರ್ತಿತ್ತು. ಜೀತವನ್ನು 1976ರ ಕಾಯ್ದೆ ರದ್ದು ಮಾಡಿತು. ‘ಲೇ’ಗೆ ಯಾವ ಕಾಯ್ದೆ? ಡಾಮ್-ಸಬ್ ಸಂಬಂಧ ಇದರಿಂದ ಬೇರೆ ಅಂತ ನಾನು ಒಪ್ಪೋದು ಅಲ್ಲೊಂದು ಬದು ಇದೆ ಅಂತ. ಸಬ್ ‘ಬೇಡ’ ಅಂದರೆ ಆಟ ಅಲ್ಲಿಗೇ ನಿಲ್ಲಬೇಕು. ಆಳಿಗೆ ‘ಬೇಡ’ ಅನ್ನೋ ಮಾತೇ ಇರಲಿಲ್ಲ.

ಇ. ಎಲ್. ಜೇಮ್ಸ್ ಅವರ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಕಾದಂಬರಿ (2011) ಕೆಡುವುದೂ ಇಲ್ಲೇ. 2015ರಲ್ಲಿ ಅದರ ಸಿನಿಮಾಕ್ಕೆ ನಮ್ಮ ಸೆನ್ಸಾರ್ ಮಂಡಳಿ ಅನುಮತಿ ಕೊಡಲಿಲ್ಲ, ಪುಸ್ತಕ ಎಲ್ಲರ ಕೈಗೂ ಸಿಕ್ಕಿತು. ಚಾವಟಿ ಬಗ್ಗೆ ನನಗೆ ತಕರಾರಿಲ್ಲ. ಪುಟಗಟ್ಟಲೆ ಒಪ್ಪಂದಪತ್ರ ಇದೆ, ನಾಯಕಿ ಅದಕ್ಕೆ ಸಹಿ ಹಾಕೋದೇ ಇಲ್ಲ. ಆದರೂ ಅವನು ಫೋನಿನ ಜಾಡು ಹಿಡಿದು ಆಕೆ ಇದ್ದ ಬಾರಿಗೇ ಬರ್ತಾನೆ, ಆಕೆಯ ಹಳೇ ಕಾರು ಮಾರಿಸಿ ಹೊಸದು ತಂದು ನಿಲ್ಲಿಸ್ತಾನೆ. ಲೇಖಕಿ ಇದನ್ನು ಪ್ರೀತಿ ಅಂತಾರೆ. ನನಗೆ ಕಾಣೋದು ಬದು ದಾಟಿದ ಧಣಿ; ಇವನ ಹತ್ರ ಹೆಲಿಕಾಪ್ಟರ್ ಇದೆ, ಅಷ್ಟೇ ಫರಕು. ಇದನ್ನೇ ಓದಿ ಡಾಮ್ ಆದವರು ಕೂಟಕ್ಕೆ ಬಂದು ನೀರು ತರಿಸ್ತಾರೆ.

ಸಬ್ ಜೊತೆ ಮಾತಾಡೋಕೆ ಮೊದಲು ಅವರ ಡಾಮ್‌ನ ಅಪ್ಪಣೆ ಕೇಳಬೇಕು ಅನ್ನೋ ರೂಢಿಯೂ ಅಲ್ಲಲ್ಲಿ ಇದೆ. ಹೆಂಡತಿ ಎದುರಿಗೇ ನಿಂತಿದ್ದರೂ ಗಂಡನನ್ನು ‘ನಿಮ್ಮ ಮನಿಯವ್ರು ಚಾ ಕುಡೀತಾರೇನ್ರೀ’ ಅಂತ ಕೇಳಿದಂಗ. ಆ ಜೋಡಿಗೆ ಹಾಗೇ ಬೇಕಿದ್ದರೆ ಅವರೇ ಹೇಳಲಿ.

ಕೊರಳಪಟ್ಟಿ ಮುಟ್ಟಬಾರದು, ಕೇಳದೆ ಫೋಟೊ ತೆಗೀಬಾರದು ಅಂತ ನಾನು ಹೋಗುವ ಕೂಟದ ನಿಯಮಗಳಲ್ಲಿದೆ. ಎಲ್ಲರಿಗೂ ‘ನೀವು’ ಅನ್ನೋದನ್ನೂ ಸೇರಿಸಿ ಅಂತ ಆಯೋಜಕರಿಗೆ ಹೇಳಿದ್ದೇನೆ. ಇನ್ನೂ ಸೇರಿಸಿಲ್ಲ.