ಸಾಲುಗಟ್ಟಿ ನಡೆದು ಬಂದವರು

ಎಡತುದಿಯಲ್ಲಿ ಗಿಡ್ಡ ಮಂಗ, ಅದರ ಮುಂದೆ ಬೆನ್ನು ಬಾಗಿದ ವಾನರ, ಹೀಗೆ ಒಬ್ಬೊಬ್ಬರಾಗಿ ನೆಟ್ಟಗಾಗುತ್ತ ಬಂದು ಬಲತುದಿಯಲ್ಲಿ ದಿಟ್ಟ ಹೆಜ್ಜೆಯಿಡುವ ಮಾನವ. ಈ ಚಿತ್ರವನ್ನು ಕಾಣದವರು ವಿರಳ. ಮಕ್ಕಳ ಪುಸ್ತಕ, ಜಾಹೀರಾತು, ವ್ಯಂಗ್ಯಚಿತ್ರ, ಎಲ್ಲೆಲ್ಲೂ ಅದೇ. ಡಾರ್ವಿನ್ನನ 1859ರ ಗ್ರಂಥವನ್ನು ಓದದ ನಮ್ಮಂಥವರು ವಿಕಾಸವಾದವನ್ನು ಕಲಿತದ್ದು ಬಹುಮಟ್ಟಿಗೆ ಇದರಿಂದಲೇ. ಆದ್ದರಿಂದ ಇದನ್ನು ಕೊಂಚ ವಿಮರ್ಶೆಯ ಕಣ್ಣಿನಿಂದ ನೋಡುವುದು ಯುಕ್ತ.

ಮೂಲಚಿತ್ರ 1965ರಲ್ಲಿ ಟೈಮ್-ಲೈಫ್ ಪ್ರಕಾಶನದ 'ಅರ್ಲಿ ಮ್ಯಾನ್' ಗ್ರಂಥದಲ್ಲಿ ಬಂದದ್ದು. ಬರೆದ ಕಲಾವಿದರು ರುಡಾಲ್ಫ್ ಜಾಲಿಂಗರ್, ಆಕೃತಿಗಳು 15. ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಇವರಲ್ಲಿ ಕೆಲವರು ನಮ್ಮ ನೇರ ಪೂರ್ವಜರಲ್ಲ, ಪಕ್ಕದ ಕವಲುಗಳು ಎಂದು ಗ್ರಂಥವೇ ತಿಳಿಸುತ್ತದೆ. ಆದರೆ ಚಿತ್ರದೆದುರು ಅಕ್ಷರ ಸೋತಿತು. ನಕಲುಗಳಲ್ಲಿ ಐದಾರು ಆಕೃತಿಗಳು ಉಳಿದವು, ವಿವರಣೆ ಉದುರಿಹೋಯಿತು.

ಚಿತ್ರದ ಮೊದಲ ದೋಷ ಅದರ ಸಾಲು. 'ಮಂಗ ಮಾನವನಾಗಿದ್ದರೆ ಈಗಲೂ ಮಂಗಗಳೇಕಿವೆ?' ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ನಾವು ಮುಂಬಯಿಗೆ ಬಂದ ಮೇಲೂ ದೊಡ್ಡಪ್ಪನ ಮಕ್ಕಳು ಊರಿನಲ್ಲೇ ಏಕಿದ್ದಾರೆ ಎಂದು ಕೇಳಿದಂತೆ ಇದು! ಚಿಂಪಾಂಜಿ ನಮಗೆ ಅಜ್ಜನಲ್ಲ, ದಾಯಾದಿ. ಇಬ್ಬರಿಗೂ ಮೂಲವಾದ ಪೂರ್ವಜರು ಬದುಕಿದ್ದುದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ.

ಎರಡನೆಯ ದೋಷ ಇನ್ನೂ ದೊಡ್ಡದು. ಎಲ್ಲರೂ ಒಂದೇ ಗುರಿಯತ್ತ ಮುನ್ನಡೆಯುತ್ತಿರುವಂತೆ ಚಿತ್ರ ಭ್ರಮೆ ಹುಟ್ಟಿಸುತ್ತದೆ. ಅರಳುವಿಕೆಯ ಅರ್ಥವುಳ್ಳ ನಮ್ಮ 'ವಿಕಾಸ' ಪದವೂ ಅದಕ್ಕೆ ಒತ್ತಾಸೆ ಕೊಡುತ್ತದೆ. ನಿಸರ್ಗದ ಆಯ್ಕೆಗೆ ಗುರಿಯೆಂಬುದಿಲ್ಲ. ಡಿಡಿಟಿಯ ಕಥೆಯನ್ನೇ ನೋಡಿ. ಭಾರತದಲ್ಲಿ 1961ರ ಹೊತ್ತಿಗೆ ವರ್ಷಕ್ಕೆ ಸುಮಾರು 50 ಸಾವಿರಕ್ಕಿಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷ ಮುಟ್ಟಿದವು. ಕಾರಣಗಳು ಹಲವು; ಡಿಡಿಟಿಗೆ ಬಗ್ಗದ ಸೊಳ್ಳೆ ಅವುಗಳಲ್ಲೊಂದು. ಸೊಳ್ಳೆಗಳು ವಿಷವನ್ನು 'ಅಭ್ಯಾಸ' ಮಾಡಿಕೊಂಡವು ಎನ್ನುತ್ತೇವೆ. ಹಾಗಲ್ಲ. ಹುಟ್ಟಿನಿಂದಲೇ ವಿಷ ತಡೆಯಬಲ್ಲ ಕೆಲವು ಬದುಕಿದವು, ಉಳಿದವು ಸತ್ತವು. ಬದುಕಿದವುಗಳ ಸಂತಾನ ಹೆಚ್ಚಿತು. ಯಾವ ಸೊಳ್ಳೆಯೂ ಪ್ರಯತ್ನಪಡಲಿಲ್ಲ, 'ಮೇಲೇರಲೂ' ಇಲ್ಲ. ಈ ಸರಳ ಸಂಗತಿಗೆ ಆ ಮೆರವಣಿಗೆಯಲ್ಲಿ ಸ್ಥಳವೇ ಇಲ್ಲ.

ಹಳೆಯ ಚಿತ್ರದ ಮೇಲೆ ಇಷ್ಟು ಮಾತೇಕೆ ಎನ್ನಬಹುದು. ಹೊರನಾಡಿನಲ್ಲಿ ನಮ್ಮ ಮಕ್ಕಳಲ್ಲಿ ಅನೇಕರು ಓದುವುದು ಕೇಂದ್ರೀಯ ಪಠ್ಯಕ್ರಮವನ್ನು. ಎನ್‌ಸಿಇಆರ್‌ಟಿಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು 2023ರಲ್ಲಿ ಕೈಬಿಡಲಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮುಂತಾದವರು ಸಹಿ ಹಾಕಿ ಆಕ್ಷೇಪಿಸಿದರು. ಆ ಪುಸ್ತಕ ಓದಿ, ಮುಂದೆ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಂಡ ಮಗುವಿಗೆ ಉಳಿದದ್ದು ಈ ಚಿತ್ರವೊಂದೇ.

ಚಿತ್ರವನ್ನು ಹರಿದೆಸೆಯಿರೆಂದು ನಾವು ಹೇಳುವುದಿಲ್ಲ. ಮಕ್ಕಳು ಕೇಳಿದಾಗ ಅದರ ಪಕ್ಕದಲ್ಲೇ ನಮ್ಮ ಮನೆತನದ ವಂಶವೃಕ್ಷವನ್ನು ಬರೆದು, ಕವಲು ಎಂದರೇನೆಂದು ತೋರಿಸೋಣ. ಅಷ್ಟು ಕೆಲಸ ನಮ್ಮ ಪಾಲಿನದು.