ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಫಡಕೆ

ಹುತಾತ್ಮರ ಸ್ಮಾರಕಕ್ಕೆ ಹೋದ ದಿನ ಬೇರೆಲ್ಲಿಗೂ ಹೋಗಬಾರದು ಎನ್ನುವವರಿದ್ದಾರೆ. ಡೊಂಬಿವಲಿಯ ನಮ್ಮ ಹಿರಿಯರಲ್ಲಂತೂ ಈ ಮಾತನ್ನು ಗಟ್ಟಿಯಾಗಿ ಹಿಡಿದವರು ಬಹಳ. ಸಾವಿನ ಮನೆಯಿಂದ ಎದ್ದು ಬಂದವರು ಮೈಗೆ ನೀರು ಹಾಕಿಕೊಳ್ಳದೆ ಇನ್ನೊಬ್ಬರ ಹೊಸ್ತಿಲು ತುಳಿಯುತ್ತಾರೆಯೇ ಎಂದು ಕೇಳುತ್ತಾರೆ. ಕೇಳುವವರೇ ಬೊಜ್ಜದ ಪಂಕ್ತಿಯಲ್ಲಿ ಕೂತಾಗ ಪಾಯಸದ ಸೌಟನ್ನು ತಡೆಯುವುದಿಲ್ಲ. ಘಟ್ಟದ ಮೇಲಿನವರ ವೈಕುಂಠ ಸಮಾರಾಧನೆಯಲ್ಲೂ ಅಷ್ಟೇ, ಹೋದವರನ್ನು ನೆನೆದು ಕಣ್ಣೊರೆಸಿಕೊಂಡ ಕೈಗೇ ಹೋಳಿಗೆ ಬಂದು ಬೀಳುತ್ತದೆ. ದುಃಖಕ್ಕೂ ಸುಖಕ್ಕೂ ಒಂದೇ ಹಗಲಲ್ಲಿ ಎಡೆ ಹಾಕುವುದು ನಮಗೆ ಹೊಸತೇನಲ್ಲ. ಆದರೆ ಯಾವುದರ ಪಕ್ಕದಲ್ಲಿ ಏನನ್ನು ಬಡಿಸಬೇಕು, ಯಾವುದು ಮೊದಲು ಎನ್ನುವುದಕ್ಕೆ ಅಡುಗೆಯವರಿಗೆ ಒಂದು ಕ್ರಮವಿದೆ. ಒಂದು ದಿನದ ತಿರುಗಾಟಕ್ಕೂ ಅಂಥ ಕ್ರಮವೊಂದು ಬೇಕು.

ಜಗತ್ತಿನ ಪ್ರವಾಸೋದ್ಯಮ ಈ ಕ್ರಮದ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಆಶ್ವಿಟ್ಜ್ ಯಾತನಾಶಿಬಿರ ಮತ್ತು ವಿಯೆಲಿಚ್ಕಾದ ಉಪ್ಪಿನ ಗಣಿ ಎರಡನ್ನೂ ಒಂದೇ ದಿನದಲ್ಲಿ ಮುಗಿಸಿ ಕೊಡುವ ಬಸ್ಸುಗಳಿವೆ. ಗಣಿ ನೋಡತಕ್ಕದ್ದೇ. ಆದರೆ ಅದಕ್ಕೂ ಶಿಬಿರಕ್ಕೂ ಇರುವ ನಂಟು ಎಂದರೆ ಒಂದೇ ಊರಿನಿಂದ ಎರಡಕ್ಕೂ ಬಸ್ಸಿದೆ ಎನ್ನುವುದು ಮಾತ್ರ. ಹಿರೋಶಿಮಾದವರ ಜೋಡಣೆ ಇದಕ್ಕಿಂತ ವಾಸಿ. ಅಣುಬಾಂಬಿನ ಗುಮ್ಮಟದ ಅಸ್ಥಿಪಂಜರ ನೋಡಿದವರು ಅಲ್ಲಿಂದಲೇ ದೋಣಿ ಹತ್ತಿ ಮಿಯಾಜಿಮಾ ದ್ವೀಪದ ನೀರ ಮೇಲಿನ ದೇಗುಲಕ್ಕೆ ಹೋಗುತ್ತಾರೆ. ನಡುವೆ ಮಾತಾಡದೆ ಕೂರಲು ಒಂದಿಷ್ಟು ಹೊತ್ತು ಸಮುದ್ರ ಸಿಗುತ್ತದೆ. ಎರಡೂ 1996ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದವು. ಅಮೃತಸರಕ್ಕೆ ಹೋದ ನಮ್ಮವರು ಜಲಿಯನ್‌ವಾಲಾ ಬಾಗ್ ನೋಡಿ ಸಂಜೆ ವಾಘಾ ಗಡಿಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರಲ್ಲ, ಅದರ ಬಗ್ಗೆ ನಾನು ಹೇಳದಿರುವುದೇ ಲೇಸು.

ನಮ್ಮ ಕಡೆಗೆ ಬರೋಣ. ಠಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯ ಕನ್ನಡಿಗರಿಗೆ ಕೈಯಳತೆಯಲ್ಲಿರುವ ಅತ್ಯುತ್ತಮ ಜೋಡಿ ಯಾವುದು ಎಂದರೆ ನನ್ನ ಉತ್ತರ ಶಿರಢೋಣ ಮತ್ತು ಕರ್ನಾಳಾ. ಪನ್ವೇಲಿನಿಂದ ಗೋವಾ ಹೆದ್ದಾರಿ ಹಿಡಿದು ಪಳಸ್ಪೆ ಫಾಟಾ ದಾಟಿದರೆ ಮೊದಲು ಶಿರಢೋಣ, ಆಮೇಲೆ ಕರ್ನಾಳಾ ಪಕ್ಷಿಧಾಮ. ಪನ್ವೇಲಿನಿಂದ ಪಕ್ಷಿಧಾಮದ ಬಾಗಿಲಿಗೆ ಸುಮಾರು 12 ಕಿಲೋಮೀಟರ್. ಹಿಂದೆ 17, ಈಗ 66 ಎಂಬ ನಂಬರಿನ ಈ ಹೆದ್ದಾರಿಯೇ ಕಾರವಾರ, ಉಡುಪಿ, ಮಂಗಳೂರು ದಾಟಿ ಕನ್ಯಾಕುಮಾರಿಗೆ ಹೋಗುವುದು. ಮೇ ತಿಂಗಳ ರಜೆಗೆ ಊರಿನ ಬಸ್ಸು ಹತ್ತಿದ ತಲೆಮಾರುಗಳು ಶಿರಢೋಣವನ್ನು ರಾತ್ರಿ ನಿದ್ದೆಗಣ್ಣಲ್ಲಿ ದಾಟಿವೆ. ಊರು ಇನ್ನೂ ದೂರವಿದೆ ಎಂದು ಚಾದರ ಎಳೆದುಕೊಂಡಿವೆ.

ಶಿರಢೋಣ ಬ್ರಿಟಿಷರ ವಿರುದ್ಧ ಬಂಡೆದ್ದ ವಾಸುದೇವ ಬಳವಂತ ಫಡಕೆ ಹುಟ್ಟಿದ ಊರು. 1845ರ ನವೆಂಬರ್ 4ರಂದು ಹುಟ್ಟಿದವರು. ಅಜ್ಜ ಅನಂತರಾವ್ ಕರ್ನಾಳಾ ಕೋಟೆಯ ಕಿಲ್ಲೇದಾರ. 1818ರಲ್ಲಿ ಬ್ರಿಟಿಷರು ಕೋಟೆಯನ್ನು ಕಸಿದುಕೊಂಡರು. ಮೊಮ್ಮಗ ಪುಣೆಯಲ್ಲಿ ಅದೇ ಬ್ರಿಟಿಷರ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನಾದ. ತಾಯಿ ಕಾಯಿಲೆ ಬಿದ್ದಾಗ ಬೇಡಿದ ರಜೆ ಸಿಗಲಿಲ್ಲ, ಮನೆ ಮುಟ್ಟುವಷ್ಟರಲ್ಲಿ ತಾಯಿ ಇರಲಿಲ್ಲ. ರಜೆ ಮಂಜೂರಾಗದೆ ಹೆತ್ತವರ ಮುಖ ಕಡೆಯ ಸಲ ನೋಡಲಾಗದವನ ಸಂಕಟ ಏನೆಂದು ಮುಂಬಯಿ ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಂಡಾಯಕ್ಕೆ ನಿಜವಾದ ಕಿಡಿ ಹೊತ್ತಿಸಿದ್ದು ಬರ. 1876ರಿಂದ ಎರಡು ವರ್ಷ ದಖ್ಖನ್ನನ್ನು ಸುಟ್ಟ ಆ ಕ್ಷಾಮವನ್ನು ಮೈಸೂರು ಸೀಮೆಯವರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದರು. ಆಗಿನ ನಮ್ಮ ಕಲಾದಗಿ ಜಿಲ್ಲೆ ಅದರ ಬಾಯಿಗೆ ಸಿಕ್ಕಿ ನಲುಗಿತು. ಹಸಿದವರಿಗೆ ಅನ್ನವಿಲ್ಲ, ಸರ್ಕಾರಕ್ಕೆ ಕಂದಾಯ ಬೇಕು. ಫಡಕೆ ರಾಮೋಶಿ ಸಮುದಾಯದವರನ್ನು ಕಟ್ಟಿಕೊಂಡು 1879ರಲ್ಲಿ ಸಾಹುಕಾರರ ಮನೆಗಳ ಮೇಲೆ ಬಿದ್ದರು. ಆ ಮೇ ತಿಂಗಳಲ್ಲಿ ಅವರ ಕಡೆಯ ದೌಲತರಾವ್ ನಾಯಕ ಲೂಟಿ ಮಾಡಿದ ಊರುಗಳಲ್ಲಿ ಪಳಸ್ಪೆಯೂ ಒಂದು. ನಾವು ಬಟಾಟವಡೆ ತಿನ್ನಲು ಗಾಡಿ ನಿಲ್ಲಿಸುವ ಅದೇ ಪಳಸ್ಪೆ. ಲೂಟಿಯೊಂದಿಗೆ ಹಿಂತಿರುಗುವಾಗ ಮೇಜರ್ ಡೇನಿಯಲ್‌ನ ದಂಡಿನ ಗುಂಡಿಗೆ ದೌಲತರಾವ್ ಬಲಿಯಾದ.

ಬಲಗೈಯಂತಿದ್ದ ದೌಲತರಾವ್‌ನನ್ನು ಕಳೆದುಕೊಂಡ ಫಡಕೆ ತೆಂಕಣಕ್ಕೆ ಸರಿದರು. ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿ, ಆಮೇಲೆ ದತ್ತಾತ್ರೇಯನ ಗಾಣಗಾಪುರ. ರೋಹಿಲರನ್ನು ಕೂಡಿಸಿ ಹೊಸ ಪಡೆ ಕಟ್ಟುವ ಯೋಚನೆ ನಡೆದಿತ್ತು. ಬೆನ್ನಟ್ಟಿದ ಡೇನಿಯಲ್ ಮತ್ತು ನಿಜಾಮರ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್ 1879ರ ಜುಲೈಯಲ್ಲಿ ಅವರನ್ನು ಹಿಡಿದದ್ದು ಕನ್ನಡ ನೆಲದಲ್ಲೇ, ಇವತ್ತಿನ ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ದೇವರ ನಾವದಗಿಯಲ್ಲಿ. ಪುಣೆಯಲ್ಲಿ ವಿಚಾರಣೆ ನಡೆದು ಜೀವಾವಧಿ ಗಡೀಪಾರಾಯಿತು. ಏಡನ್ನಿನ ಸೆರೆಮನೆಯ ಬಾಗಿಲನ್ನು ಬಿಜಾಗರಿ ಸಮೇತ ಕಿತ್ತು ಓಡಿದರು, ಮತ್ತೆ ಸಿಕ್ಕಿಬಿದ್ದರು. 1883ರ ಫೆಬ್ರವರಿ 17ರಂದು ಅಲ್ಲೇ ತೀರಿಕೊಂಡರು. ಆಗಿನ್ನೂ ಕಾಂಗ್ರೆಸ್ ಹುಟ್ಟಿರಲಿಲ್ಲ.

ಇಷ್ಟು ತಿಳಿದವರಿಗೆ ಶಿರಢೋಣದ ಸ್ಮಾರಕ ಬೇರೆಯೇ ಕಾಣುತ್ತದೆ. ತಿಳಿಯದವರಿಗೆ ಅದು ಒಂದು ಪುತ್ಥಳಿ, ಒಂದು ಹಳೆಯ ವಾಡೆ, ಹತ್ತು ನಿಮಿಷದ ಕೆಲಸ. ಸ್ಮಾರಕಗಳ ಕಷ್ಟವೇ ಇದು. ಕೋಟೆಯೋ ಜಲಪಾತವೋ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ, ಸ್ಮಾರಕಕ್ಕೆ ಮನೆಯಿಂದಲೇ ತಯಾರಾಗಿ ಹೋಗಬೇಕು.

ಇನ್ನು ಕ್ರಮದ ವಿಚಾರ. ಭಾರದ್ದನ್ನು ಮೊದಲು ಮುಗಿಸಿ ಆಮೇಲೆ ಹಗುರಾಗೋಣ ಎನ್ನುವುದು ಸಾಮಾನ್ಯ ಲೆಕ್ಕ. ಶಿರಢೋಣ ದಾರಿಯಲ್ಲೇ ಮೊದಲು ಸಿಗುವುದರಿಂದ ಈ ಲೆಕ್ಕ ಇನ್ನೂ ಸಲೀಸಾಗಿ ಕಾಣುತ್ತದೆ. ನಾನು ಒಪ್ಪುವುದಿಲ್ಲ. ಹಕ್ಕಿಗಳು ಯಾರ ಶ್ರದ್ಧಾಂಜಲಿಗೂ ಕಾಯುವುದಿಲ್ಲ. ಕರ್ನಾಳಾದಲ್ಲಿ ಬಿಸಿಲೇರುವ ಮೊದಲು ಏನು ಕಂಡಿತೋ ಅದೇ ನಿಮ್ಮದು. ಸ್ಮಾರಕಕ್ಕೆ ಮೊದಲು ಹೋದವರ ಕಣ್ಣು ಫಡಕೆಯವರ ಮೇಲಿದ್ದರೂ ಮನಸ್ಸು ಕೈಗಡಿಯಾರದ ಮೇಲಿರುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹಕ್ಕಿ ನೋಡುವ ಕಾಡಿನಲ್ಲಿ ಎರಡು ಮೂರು ಗಂಟೆ ಕಳೆದವರ ದನಿ ತಾನಾಗಿ ತಗ್ಗಿರುತ್ತದೆ, ನಡಿಗೆ ನಿಧಾನವಾಗಿರುತ್ತದೆ, ಮಕ್ಕಳೂ ಪಿಸುಗುಟ್ಟಲು ಕಲಿತಿರುತ್ತಾರೆ. ಸ್ಮಾರಕದ ಮುಂದೆ ಬೇಕಾದದ್ದು ಇದೇ ನಡೆ. ಯಾರನ್ನೂ ಗದರದೆ ಅದು ಬಂದಿರುತ್ತದೆ.

ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ಪಕ್ಷಿಧಾಮದ ಬಾಗಿಲಲ್ಲಿರಿ. ಸ್ವಂತ ಗಾಡಿಯವರು ಕಲ್ಯಾಣ್-ಶೀಳ್ ರಸ್ತೆ ತುಂಬಿಕೊಳ್ಳುವ ಮೊದಲೇ ಶೀಳ್ ಫಾಟಾ ದಾಟಿ ತಳೋಜಾ, ಕಳಂಬೋಲಿ ಮೇಲೆ ಹೋಗಬೇಕು. ಲೋಕಲ್ ನಂಬಿದವರಿಗೆ ಠಾಣೆಯಿಂದ ಪನ್ವೇಲಿಗೆ ನೇರ ಗಾಡಿಯಿದೆ, ಅಲ್ಲಿಂದ ಪೇಣ್ ಕಡೆಯ ಎಸ್‌ಟಿ ಬಸ್ಸು. ಪಕ್ಷಿಧಾಮ ದೊಡ್ಡದೇನಲ್ಲ, 12 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಒಳಗೆ ಹರಿಯಾಲ್, ಮೋರಟಾಕಾ ಎಂಬ ಎರಡು ಕಾಲುದಾರಿಗಳಿವೆ. ಹರಿಯಾಲ್ ಎಂದರೆ ಮಹಾರಾಷ್ಟ್ರದ ರಾಜ್ಯಪಕ್ಷಿಯಾದ ಹಸಿರು ಪಾರಿವಾಳ. ಜಾಡಿನಲ್ಲಿ ಭೀಮರಾಜ ಸಿಗುತ್ತಾನೆ, ಚಳಿಗಾಲದಲ್ಲಿ ರಾಜಹಕ್ಕಿ. ಮಳೆ ಹಿಡಿಯುವ ಜೂನ್ ಹೊತ್ತಿಗೆ ಬಹಳ ಪುಟ್ಟದಾದ, ಮೂರೇ ಬೆರಳಿನ ಕಾಡು ಮಿಂಚುಳ್ಳಿ ಇಲ್ಲಿ ಗೂಡು ಮಾಡುತ್ತದೆ. ಅದರ ಪಟಕ್ಕಾಗಿ ಬರುವ ಕ್ಯಾಮೆರಾದವರ ಸಾಲು ನೋಡಿದರೆ ಹಕ್ಕಿಗಿಂತ ಅವರ ಬಗ್ಗೆಯೇ ಬರೆಯಬೇಕೆನಿಸುತ್ತದೆ. ನಮ್ಮ ಪಶ್ಚಿಮ ಘಟ್ಟದ ಸಂಸಾರವೇ ಉತ್ತರಕ್ಕೆ ಬಂದು ಮುಂಬಯಿಯ ಹೊಸ್ತಿಲಲ್ಲಿ ಕೂತಿದೆ. ಕುದುರೆಮುಖದ ಕಡೆಯವರಿಗೆ ಇಲ್ಲಿಯ ಅರ್ಧ ಹಕ್ಕಿಗಳು ಊರಿನ ನಂಟರು.

ಪಕ್ಷಿಧಾಮದೊಳಗಿನ ಕರ್ನಾಳಾ ಕೋಟೆ ಹತ್ತುವುದು ನಿಮ್ಮ ಮೊಣಕಾಲಿಗೆ ಬಿಟ್ಟದ್ದು. ಒಂದೂವರೆ, ಎರಡು ಗಂಟೆಯ ಏರು. ಕೋಟೆಯ ತುದಿಯಲ್ಲಿ ಹೆಬ್ಬೆರಳಿನಂತೆ ನಿಂತ, ನೂರಡಿಗೂ ಮಿಕ್ಕಿದ ಬಂಡೆಯಲ್ಲಿ ಜೇನುಗೂಡುಗಳಿವೆ. ಅದರ ಬುಡದಲ್ಲಿ ಹೊಗೆ, ಗಲಾಟೆ ಬೇಡ. ಮೇಲೆ ನಿಂತರೆ ಕಿಲ್ಲೇದಾರ ಅನಂತರಾವ್ ಕಾಯುತ್ತಿದ್ದ ಸೀಮೆ ಕಾಲಡಿಯಲ್ಲಿ ಹರಡಿರುತ್ತದೆ. ಇಳಿದು ಉಂಡು ಮಧ್ಯಾಹ್ನ ಶಿರಢೋಣಕ್ಕೆ ಬಂದಾಗ ಅಜ್ಜನ ಕೋಟೆಯಿಂದ ಮೊಮ್ಮಗನ ಮನೆಗೆ ನೀವೇ ನಡೆದು ಬಂದಂತಾಗಿರುತ್ತದೆ. ಉಪ್ಪಿನ ಗಣಿಯವರ ಜೋಡಣೆಯಲ್ಲಿ ಇಲ್ಲದ್ದು ಇದು.

ಎಲ್ಲ ಕಡೆಗೂ ಇದೇ ಕ್ರಮ ಸಲ್ಲದು. ಕರ್ನಾಳಾ ಗುಡ್ಡಗಳ ಪಶ್ಚಿಮಕ್ಕೆ, ಉರಣ್ ತಾಲೂಕಿನಲ್ಲಿ ಚಿರನೇರ್ ಇದೆ. ಅಲ್ಲಿ ಸ್ಮಾರಕವೇ ಮೊದಲು. 1930ರ ಮಳೆಗಾಲದಲ್ಲಿ ಉಪ್ಪು ಮಾಡಲು ಬಿಸಿಲಿಲ್ಲದೆ ಸತ್ಯಾಗ್ರಹ ಕಾಡಿಗೆ ಹೊರಳಿತು. ಸರ್ಕಾರದ ಕಾನೂನು ಮುರಿದು ಹುಲ್ಲು, ಮರ ಕಡಿಯುವುದು. ನಮ್ಮ ಉತ್ತರ ಕನ್ನಡದವರಿಗೂ ಜಂಗಲ್ ಸತ್ಯಾಗ್ರಹ ಮನೆಮಾತಾಗಿತ್ತು. ಸೆಪ್ಟೆಂಬರ್ 25ರಂದು ಚಿರನೇರಿನ ಅಕ್ಕಾದೇವಿ ಗುಡ್ಡದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಂಟು ಮಂದಿ ಸತ್ಯಾಗ್ರಹಿಗಳು ಸತ್ತರು. ಅವರಲ್ಲಿ ನಾಗ್ಯಾ ಮಹಾದು ಕಾತಕರಿ ಕಾಡನ್ನೇ ನಂಬಿದ ಆದಿವಾಸಿ. ಪೊಲೀಸರ ಜೊತೆ ಬಂದಿದ್ದ ಮಾಮಲೇದಾರ ಜೋಶಿಯವರೂ ಗುಂಡಿಗೆ ಬಲಿಯಾದರು. ಈಗ ಪ್ರತಿ ಸೆಪ್ಟೆಂಬರ್ 25ಕ್ಕೆ ಪೊಲೀಸರೇ ಬಂದು ಬಂದೂಕಿನ ಗೌರವ ಸಲ್ಲಿಸುತ್ತಾರೆ. ಆ ಹೆಸರುಗಳನ್ನು ಓದಿಕೊಂಡು ಆಮೇಲೆ ಗುಡ್ಡದ ಹಸಿರಿಗೆ ಕಾಲಿಡಿ. ಮಳೆ ಬಿಡುವ ಕಾಲದ ಆ ಹುಲ್ಲು ಬಹಳ ಚಂದ. ಅದನ್ನು ಒಂದು ಹಿಡಿ ಕೊಯ್ಯುವುದು ಅಪರಾಧವಾಗಿತ್ತು ಎಂದು ಗೊತ್ತಿದ್ದವರು ಮಾತ್ರ ಅದನ್ನು ಸರಿಯಾಗಿ ನೋಡಬಲ್ಲರು. ಊರಿನ ಮಹಾಗಣಪತಿ ದೇವಸ್ಥಾನಕ್ಕೂ ಹೋಗಿಬನ್ನಿ.

ಕಲ್ಯಾಣಿನವರಿಗೆ ಮುರಬಾಡ್ ತಾಲೂಕಿನ ಸಿದ್ಧಗಡವಿದೆ. ಮುಂಬಯಿಗೆ ಬರುವ ವಿದ್ಯುತ್ತಿನ ಕಂಬಗಳನ್ನು ಉರುಳಿಸಿದ ಆಜಾದ್ ದಸ್ತೆ ಎಂಬ ಭೂಗತ ಪಡೆಯ ಭಾಯಿ ಕೋತವಾಲ ಮತ್ತು ಹಿರಾಜಿ ಪಾಟೀಲ 1943ರ ಜನವರಿ 2ರಂದು ಪೊಲೀಸರ ಗುಂಡಿಗೆ ಬಿದ್ದ ಜಾಗ. ಅಲ್ಲಿ ಜೋಡಿ ಹುಡುಕುವ ಕೆಲಸವೇ ಇಲ್ಲ, ಚಾರಣವೇ ಸ್ಮಾರಕದ ದಾರಿ.

ಒಂದು ಕಡೆ ಮಾತ್ರ ನಾನು ಹಿರಿಯರ ಪಕ್ಷ. ಉರಣ್ ಹೆದ್ದಾರಿಯ ಜಾಸೈ. 1984ರ ಜನವರಿ 16, 17ರಂದು ನವಿ ಮುಂಬಯಿಗಾಗಿ ಸರ್ಕಾರ ವಶಪಡಿಸಿಕೊಂಡ ಭೂಮಿಗೆ ತಕ್ಕ ಬೆಲೆ ಕೇಳಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ಎದ್ದ ರೈತರ ಮೇಲೆ ಗೋಲಿಬಾರ್ ಆಗಿ ಐವರು ಸತ್ತರು. ವಶಪಡಿಸಿಕೊಂಡ ಭೂಮಿಯಲ್ಲಿ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಭೂಮಾಲೀಕರಿಗೆ ಮರಳಿಸುವ ಪದ್ಧತಿ ಆ ಹೋರಾಟದ ಫಲ. ನೆರೂಳ್, ಖಾರ್‌ಘರ್‌ನ ಎಷ್ಟೋ ಕಟ್ಟಡಗಳು ಅಂಥ ಪ್ಲಾಟುಗಳ ಮೇಲೆ ನಿಂತಿವೆ. ನಮ್ಮಲ್ಲಿ ಹಲವರ ಫ್ಲ್ಯಾಟುಗಳೂ. ಜಾಸೈ ಸ್ಮಾರಕದಿಂದ ನೇರ ಮಾಲಿಗೆ ಹೋಗಿ ಐಸ್‌ಕ್ರೀಮ್ ತಿನ್ನಬೇಡಿ, ಆ ದಿನವನ್ನು ಅಲ್ಲಿಗೇ ಬಿಡಿ. ಅಲ್ಲಿಯ ಜಗಳ ಇನ್ನೂ ಮುಗಿದಿಲ್ಲ, ಸತ್ತವರ ಮನೆಯವರು ಅದೇ ಊರುಗಳಲ್ಲಿದ್ದಾರೆ.

ಠಾಣೆಯಿಂದ ನೆರೂಳಿನವರೆಗಿನ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ ಇಟ್ಟುಕೊಳ್ಳುತ್ತವೆ. ಹೆಚ್ಚಿನವು ರಿಸಾರ್ಟಿನ ಈಜುಕೊಳದಲ್ಲಿ ಮುಗಿಯುತ್ತವೆ. ಈ ಸಲ ಫೆಬ್ರವರಿ 17ರ ಆಸುಪಾಸಿನ ಭಾನುವಾರ ಒಂದು ಬಸ್ಸು ಕರ್ನಾಳಾ, ಶಿರಢೋಣಕ್ಕೆ ಹೊರಡಲಿ. ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ವಲಸೆ ಹಕ್ಕಿಗಳೂ ಇರುತ್ತವೆ. ದೇವರ ನಾವದಗಿಯ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬಲ್ಲ ವಿಜಯಪುರದ ಕಡೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದುರ್ಬೀನು ತನ್ನಿ, ಧ್ವನಿವರ್ಧಕ ಬೇಡ.