ನುಣ್ಣನೆಯ ಬೆಟ್ಟ, ಹುದುಲಿನ ದಾರಿ

ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗೆ ಸ್ಕಾಟ್ಲೆಂಡಿನ ಉತ್ತರದಂಚಿನ ಮಾರ್ವೆನ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೇತ್‌ನೆಸ್ ಸೀಮೆಯ ಬಯಲಿನ ತುದಿಯಲ್ಲಿ ರಾಗಿ ರಾಶಿ ಸುರಿದಂತೆ ನಿಂತ ಈ ಬೆಟ್ಟ ಬಹುದೂರದಿಂದಲೇ ಕಾಣುತ್ತದೆ. ಎತ್ತರ 706 ಮೀಟರ್. ಆ ಸೀಮೆಗೆ ಅದೇ ಹಿರಿದು. ಆದರೂ ಹತ್ತುವವರು ವಿರಳ. ಅದಕ್ಕೆ ಹೊಣೆ ಬೆಟ್ಟವಲ್ಲ, ಒಂದು ಪಟ್ಟಿ. ಹ್ಯೂ ಮನ್ರೋ ಎಂಬ ಪರ್ವತಾರೋಹಿ 1891ರಲ್ಲಿ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಶಿಖರಗಳ ಪಟ್ಟಿ ಪ್ರಕಟಿಸಿದರು. ಈಗ ಅದರಲ್ಲಿರುವ 282 ಬೆಟ್ಟಗಳನ್ನು ಒಂದೊಂದಾಗಿ ಹತ್ತಿ ಗುರುತು ಹಾಕುವುದೇ ಅನೇಕರಿಗೆ ಚಾರಣ. ಆ ಗೆರೆಗೆ 208 ಮೀಟರ್ ಕಡಿಮೆ ಬಿದ್ದ ಮಾರ್ವೆನ್ ಅವರ ಲೆಕ್ಕಕ್ಕಿಲ್ಲ. ಅಳತೆಗೋಲೇ ತಪ್ಪು ಎನ್ನುತ್ತೇನೆ ನಾನು. ಇಂಥ ಬೆಟ್ಟದ ರುಚಿಯೆಲ್ಲ ಅದರ ಬುಡ ಮುಟ್ಟುವ ಜೌಗು ಬಯಲಿನಲ್ಲಿದೆ.

ಬೆಟ್ಟದ ಕಡೆಗೆ ಹೋಗುವ ಟಾರು ರಸ್ತೆ ಬ್ರೇಮೋರ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಸ್ವಲ್ಪ ದೂರ ಗಾಡಿದಾರಿ, ಆಮೇಲೆ ಸಿಕ್ಕರೆ ಜಿಂಕೆ ತುಳಿದ ಜಾಡು. ಕಾಲಡಿಯದು ಮಾಮೂಲಿ ಮಣ್ಣಲ್ಲ, ಪೀಟ್. ನೀರು ನಿಂತು ಗಾಳಿಯಾಡದ ಕಡೆ ಸ್ಫ್ಯಾಗ್ನಮ್ ಎಂಬ ಹಾವಸೆ ಪೂರ್ತಿ ಕೊಳೆಯದೆ ಪದರಗಟ್ಟಿದ್ದು. ವರ್ಷಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್. ಮೊಣಕಾಲ ತನಕ ಹೂತವನು ಐನೂರು ವರ್ಷ ಕೆಳಗಿಳಿದ ಹಾಗೆ! ಇಲ್ಲಿ ನಡೆಯಲು ಕಾಲಿಗಿಂತ ಕಣ್ಣು ಬೇಕು. ಹೊಳೆಯುವ ಹಸಿರು ಕಂಡರೆ ದೂರವಿರಬೇಕು, ಬಿಳಿ ಹತ್ತಿಹುಲ್ಲು ತೂಗುವಲ್ಲಿ ನೀರಿದೆ, ಹೆದರ್ ಪೊದೆ ಹಬ್ಬಿದ ಕಂದು ದಿಬ್ಬ ಬಹುಮಟ್ಟಿಗೆ ಭಾರ ತಾಳುತ್ತದೆ. ಸಾರವಿಲ್ಲದ ಈ ನೆಲದಲ್ಲಿ ಬೆರಳುಗುರಿನಷ್ಟು ಎಲೆಯ ಸನ್‌ಡ್ಯೂ ಗಿಡ ಹುಳ ಹಿಡಿದು ಹೊಟ್ಟೆ ಹೊರೆಯುತ್ತದೆ.

ಕೆಸರು ತುಳಿಯಲು ಅಷ್ಟು ದೂರ ಹೋಗಬೇಕೆ ಎಂದು ನಗುವವರಿದ್ದಾರೆ. ಸವೆದ ದಾರಿಯಲ್ಲಿ ನಮ್ಮ ಹೆಜ್ಜೆಯನ್ನು ಬೇರೆಯವರು ಮೊದಲೇ ತೀರ್ಮಾನಿಸಿರುತ್ತಾರೆ. ಇಲ್ಲಿ ಪ್ರತಿ ಹೆಜ್ಜೆಯೂ ನಮ್ಮದೇ. ಮಂಜು ಕವಿದರೆ ಅದೇ ಸ್ವಾತಂತ್ರ್ಯ ಅಪಾಯವೂ ಹೌದು, ನಕ್ಷೆ ಮತ್ತು ದಿಕ್ಸೂಚಿ ಬಳಸಲು ಬಾರದವರು ಹೋಗಬಾರದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಕೇತ್‌ನೆಸ್ ಮತ್ತು ಸದರ್ಲೆಂಡ್‌ನಲ್ಲಿ ಹರಡಿದ ಫ್ಲೋ ಕಂಟ್ರಿ ಎಂಬ ಪೀಟ್ ಬಯಲು 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಅಂಥ ಸೀಮೆಯ ಪೀಟನ್ನು ತುಳಿಯುವುದು ಸರಿಯೆ? ಹಳೆಯ ಲೆಕ್ಕ ತೆಗೆದರೆ ಅದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಚಾರಣಿಗರಲ್ಲ. ತೆರಿಗೆ ವಿನಾಯಿತಿಯ ಆಸೆಗೆ ಕಾಲುವೆ ತೋಡಿ ಕೋನಿಫರ್ ನೆಟ್ಟವರು. 1988ರ ಬ್ರಿಟಿಷ್ ಬಜೆಟ್ ಆ ವಿನಾಯಿತಿ ಕಿತ್ತುಹಾಕಿತು. ಆದರೆ ಈ ಅಂಕಣ ಓದಿ ನೂರಾರು ಜನ ಒಂದೇ ಜಾಡು ಹಿಡಿದರೆ ನನ್ನ ವಾದ ಅಲ್ಲೇ ಹೂತುಹೋಗುತ್ತದೆ, ಒಪ್ಪುತ್ತೇನೆ.

ಕೊನೆಯ ಏರು ಕಡಿದು. ಉರುಟು ಕಲ್ಲುಗಳನ್ನು ಗಾರೆಯಲ್ಲಿ ಕಲಸಿಟ್ಟಂಥ ಬಂಡೆ. ತುದಿಯಲ್ಲಿ ನಿಂತು ತಿರುಗಿದರೆ ಪೂರ್ವಕ್ಕೆ ಕಡಲು, ಕೆಳಗೆ ಗಂಟೆಗಟ್ಟಲೆ ಕಾಡಿದ ಆ ಹುದುಲು. ಅಲ್ಲಿಂದ ಅದೂ ನುಣ್ಣಗೇ ಕಾಣುತ್ತದೆ.